ಐದು ಪದದ 'ಆಗ'

'ದೆನ್' ಅಂದರೆ ಮುಗೀತಲ್ಲ, ಅದಕ್ಕೆ 'ಅಟ್ ದಟ್ ಪಾಯಿಂಟ್ ಇನ್ ಟೈಮ್' ಅಂತ ಐದು ಪದ ಯಾಕೆ? ಸಾಕ್ಷಿಕಟ್ಟೆ ಹತ್ತಿದವರನ್ನು ಕೇಳಿ ಸ್ವಾಮಿ. 1973ರಲ್ಲಿ ಅಮೆರಿಕದ ಸೆನೆಟ್ ಸಮಿತಿ ವಾಟರ್‌ಗೇಟ್ ಹಗರಣ ಕೆದಕುತ್ತಿದ್ದಾಗ ಈ ಮಾತು ಟೀವಿಯ ಮೂಲಕ ಮನೆಮನೆಗೂ ಹೊಕ್ಕಿತು. ಶ್ವೇತಭವನದ ಕಾನೂನು ಸಲಹೆಗಾರರಾಗಿದ್ದ ಜಾನ್ ಡೀನ್ ಅಲ್ಲಿ ಓದಿದ ಹೇಳಿಕೆ 245 ಪುಟ. ಅಷ್ಟು ಪುಟ ಇದ್ದಮೇಲೆ ಪದಕ್ಕೇನು ಬರ!

ಇದರಲ್ಲೊಂದು ಸೌಕರ್ಯವೂ ಇದೆ ಅನ್ನಿ. 'ಆಗ ಗೊತ್ತಿರಲಿಲ್ಲ' ಅಂದರೆ ಜಾರಿಕೊಳ್ಳುವವನ ಮಾತು. 'ಆ ನಿರ್ದಿಷ್ಟ ಕಾಲಬಿಂದುವಿನಲ್ಲಿ ನನ್ನ ಗಮನಕ್ಕೆ ಬಂದಿರಲಿಲ್ಲ' ಅಂದು ನೋಡಿ, ಕೇಳಿದವನೇ ಬೆಪ್ಪಾಗಿ ನೀರು ಕುಡಿಯುತ್ತಾನೆ. ಸಮಿತಿಯಲ್ಲಿ ರಿಪಬ್ಲಿಕನ್ನರ ವಕೀಲರಾಗಿದ್ದ ಫ್ರೆಡ್ ಥಾಂಪ್ಸನ್ 1975ರ ತಮ್ಮ ಪುಸ್ತಕಕ್ಕೆ ಈ ಐದು ಪದಗಳನ್ನೇ ಹೆಸರಾಗಿ ಇಟ್ಟರು. ಆಮೇಲೆ ನಟರಾದರು, ಸೆನೆಟರೂ ಆದರು. ಎರಡಕ್ಕೂ ಉದ್ದ ಡೈಲಾಗಿನ ಅಭ್ಯಾಸ ಬೇಕಲ್ಲ.

ಕಾಲದ ಮಾತಿನಲ್ಲಿ ಜಾರಿಕೊಳ್ಳುವುದರಲ್ಲಿ ದಕ್ಷಿಣ ಆಫ್ರಿಕಾದವರು ಇನ್ನೂ ಜಾಣರು. ಅವರ 'ಜಸ್ಟ್ ನೌ' ಅಂದರೆ ಈಗಲ್ಲ, ಯಾವಾಗಲೋ. 'ನೌ ನೌ' ಅಂದರೆ ಅದಕ್ಕಿಂತ ಬೇಗ, ಆದರೆ ಈಗಂತೂ ಅಲ್ಲ. ನಮ್ಮ ಟೈಲರ್‌ಗಳು ಅಲ್ಲಿಗೆ ಹೋದರೆ ಭಾಷೆಯ ತೊಂದರೆಯೇ ಆಗಲಿಕ್ಕಿಲ್ಲ.