ಹಾರನ್ ಒತ್ತುವ ಕೈಗಳಿಗೊಂದು ಬಹಿರಂಗ ಪತ್ರ

ಶಿವಾಜಿನಗರ, ಹಲಸೂರು, ಇಂದಿರಾನಗರ, ಬೈಯಪ್ಪನಹಳ್ಳಿ, ಕೆ.ಆರ್.ಪುರದ ರಸ್ತೆಗಳಲ್ಲಿ ದಿನಾ ಗಾಡಿ ಓಡಿಸುವ ಎಲ್ಲರಿಗೂ,

2025ರ ಜೂನ್ 3ರ ರಾತ್ರಿ ನೀವು ಒತ್ತಿದ ಹಾರನ್ ನಿಮಗೂ ನೆನಪಿರಬೇಕು. ಅಹಮದಾಬಾದಿನ ಐಪಿಎಲ್ ಕ್ರಿಕೆಟ್ ಫೈನಲ್‌ನಲ್ಲಿ ನಮ್ಮ ಆರ್‌ಸಿಬಿ 6 ರನ್‌ಗಳಿಂದ ಪಂಜಾಬ್ ತಂಡವನ್ನು ಸೋಲಿಸಿತು. ಹದಿನೆಂಟು ಸೀಸನ್ ಕಾದ ಕಪ್ ಕೊನೆಗೂ ಕೈಗೆ ಬಂತು. ಎಂ.ಜಿ. ರಸ್ತೆ, ಚರ್ಚ್ ಸ್ಟ್ರೀಟ್ ಕಡೆ ಜನ ಬೀದಿಗಿಳಿದರು, ಗಾಡಿಗಳು ನಿಂತಲ್ಲೇ ನಿಂತವು. ಗುರುತಿಲ್ಲದವರು ಗುರುತಿಲ್ಲದವರನ್ನು ತಬ್ಬಿಕೊಂಡರು. ಮನೆ ತಲುಪುವುದು ತಡವಾಯಿತೆಂದು ಮುಂದಿನ ಗಾಡಿಯವನ ಕಾಲರ್ ಹಿಡಿಯಬೇಕೆಂದು ಆ ಹೊತ್ತಿನಲ್ಲಿ ಯಾರಿಗೂ ಅನಿಸಿರಲಾರದು. ಬೇರೆ ದಿನಗಳಲ್ಲಿ ಕೋಪ ಕಾರುವ ಅದೇ ಹಾರನ್ ಅಂದು ಸಂತೋಷ ಸಾರುತ್ತಿತ್ತು.

ಮರುದಿನ ಸಂಜೆ ಅದೇ ಸಂತೋಷ, ಕಾಲ್ತುಳಿತವಾಗಿ, ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಮುಂದೆ ಹನ್ನೊಂದು ಜನರ ಪ್ರಾಣ ತೆಗೆಯಿತು. ಗಾಯಾಳುಗಳನ್ನು ಹೊತ್ತು ಬೌರಿಂಗ್ ಆಸ್ಪತ್ರೆಗೆ ಓಡಿದರು. ಸತ್ತವರು ಯಾರ ವೈರಿಗಳೂ ಅಲ್ಲ, ಒಂದೇ ತಂಡಕ್ಕೆ ಜೈ ಎನ್ನಲು ಬಂದವರು. ಅಷ್ಟು ದೊಡ್ಡ ಗುಂಪನ್ನು ಕರೆದವರಿದ್ದರು, ಒಳಗೆ ಬಿಡುವ ಗೇಟುಗಳಿದ್ದವು. ಬಿದ್ದವರನ್ನು ಹಿಡಿಯುವ ವ್ಯವಸ್ಥೆ ಮಾತ್ರ ಇರಲಿಲ್ಲ. ಈ ಪತ್ರ ಬರೆಯುತ್ತಿರುವುದು ಆ ಹಿಡಿಯುವ ಕೈಗಳ ಬಗ್ಗೆ.

ಬೀಳುವವರನ್ನು ಹಿಡಿಯುವುದನ್ನೇ ಮೊದಲ ನಿಯಮ ಮಾಡಿಕೊಂಡ ಆಟವೊಂದಿದೆ. ಅದು ಚಿಯರ್‌ಲೀಡಿಂಗ್. ಹೆಸರು ಕೇಳಿದೊಡನೆ ನಮ್ಮೂರಿನವರಿಗೆ ನೆನಪಾಗುವುದು 2008ರ ಏಪ್ರಿಲ್ 18ರ ರಾತ್ರಿ. ಇದೇ ಚಿನ್ನಸ್ವಾಮಿಯಲ್ಲಿ ಮೊಟ್ಟಮೊದಲ ಐಪಿಎಲ್ ಪಂದ್ಯ. ಎದುರಾಳಿ ತಂಡದ ಮೆಕಲಮ್ 158 ರನ್ ಹೊಡೆದು ನಮ್ಮ ತಂಡವನ್ನು ಪುಡಿಮಾಡಿದ. ಆ ವರ್ಷ ನಮ್ಮ ತಂಡಕ್ಕಾಗಿ ಅಮೆರಿಕದ ವಾಷಿಂಗ್ಟನ್ ಫುಟ್‌ಬಾಲ್ ತಂಡದ ಚಿಯರ್‌ಲೀಡರ್‌ಗಳನ್ನು ಕರೆಸಿದ್ದರು. ಬೌಂಡರಿ ಬಿದ್ದಾಗಲೆಲ್ಲ ಅವರು ಕುಣಿದರು, ಕ್ಯಾಮೆರಾ ಅವರ ಕಡೆ ತಿರುಗಿತು. ನಾವು ನೋಡಿದ್ದು ಅವರ ಬಟ್ಟೆಯನ್ನು, ವಾದ ಮಾಡಿದ್ದು ಸಂಸ್ಕೃತಿಯ ಬಗ್ಗೆ. ಅವರ ಕಸರತ್ತಿನ ಬಗ್ಗೆ ಯಾರೂ ಕೇಳಲಿಲ್ಲ.

ಸ್ಪರ್ಧೆಯ ಚಿಯರ್‌ಲೀಡಿಂಗ್ ಬೇರೆಯೇ ಲೋಕ. ಅಲ್ಲಿ ಬೌಂಡರಿಯೂ ಇಲ್ಲ, ಹುರಿದುಂಬಿಸಲು ಇನ್ನೊಂದು ತಂಡವೂ ಇಲ್ಲ. ವಿಶ್ವ ಚಾಂಪಿಯನ್‌ಷಿಪ್‌ನ ಮುಖ್ಯ ವಿಭಾಗಗಳಲ್ಲಿ ಒಂದು ತಂಡಕ್ಕೆ 16ರಿಂದ 24 ಮಂದಿ, ಪ್ರದರ್ಶನಕ್ಕೆ ಸಿಗುವುದು ಎರಡೂವರೆ ನಿಮಿಷ. ಅಷ್ಟರಲ್ಲಿ ಪಲ್ಟಿ, ನೆಗೆತ, ಒಬ್ಬರ ಭುಜದ ಮೇಲೊಬ್ಬರು ನಿಲ್ಲುವ ಪಿರಮಿಡ್ ಎಲ್ಲವೂ ಮುಗಿಯಬೇಕು. ಮೇಲಕ್ಕೆ ಹಾರುವವಳನ್ನು ಫ್ಲೈಯರ್ ಎನ್ನುತ್ತಾರೆ, ಎತ್ತಿ ಎಸೆಯುವವರನ್ನು ಬೇಸ್ ಎನ್ನುತ್ತಾರೆ. ಹಿಂದೆ ನಿಂತು ಅವಳ ತಲೆ, ಕುತ್ತಿಗೆ, ಬೆನ್ನನ್ನು ಕಾಯುವವರು ಸ್ಪಾಟರ್. ಇವರ ಕಣ್ಣು ಪ್ರೇಕ್ಷಕರ ಕಡೆ ಹೋಗುವಂತಿಲ್ಲ, ಗಾಳಿಯಲ್ಲಿರುವವಳ ಮೇಲೇ ನೆಟ್ಟಿರಬೇಕು. ಫ್ಲೈಯರ್ ಬಿದ್ದರೆ ಅಂಕ ಕಳೆದುಕೊಳ್ಳುವುದು ಅವಳೊಬ್ಬಳಲ್ಲ, ಇಡೀ ತಂಡ. ಯಾರ ತಪ್ಪಿನಿಂದ ಬಿದ್ದಳು ಎಂಬ ವಿಚಾರಣೆ ಅವಳನ್ನು ಹಿಡಿದಾದ ಮೇಲೆ.

ಇದು ಆಟವೇ ಎಂದು ಅಮೆರಿಕದಲ್ಲೇ ತಕರಾರಿತ್ತು. 1898ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಗಂಡಸರೇ ಶುರು ಮಾಡಿದ್ದು ಇದು. ಹೆಂಗಸರು ಬಂದು ತುಂಬಿಕೊಂಡ ಮೇಲೆ ಅದು ಆಟವಲ್ಲ, ಅಲಂಕಾರ ಎಂದಾಯಿತು. 2010ರಲ್ಲಿ ಕನೆಕ್ಟಿಕಟ್‌ನ ಫೆಡರಲ್ ನ್ಯಾಯಾಲಯವೊಂದು, ಮಹಿಳೆಯರ ವಾಲಿಬಾಲ್ ತಂಡವನ್ನು ಕೈಬಿಟ್ಟು ಆ ಜಾಗಕ್ಕೆ ಚಿಯರ್ ತಂಡವನ್ನು ತೋರಿಸಲು ಹೊರಟ ವಿಶ್ವವಿದ್ಯಾಲಯಕ್ಕೆ, ಇದನ್ನು ಇನ್ನೂ ಕ್ರೀಡೆ ಎಂದು ಲೆಕ್ಕಕ್ಕೆ ಹಿಡಿಯಲಾಗದು ಎಂದು ಹೇಳಿತು. ಹನ್ನೊಂದು ವರ್ಷ ಕಳೆದು, 2021ರ ಜುಲೈನಲ್ಲಿ, ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಚಿಯರ್ ಒಕ್ಕೂಟಕ್ಕೆ ಪೂರ್ಣ ಮಾನ್ಯತೆ ಕೊಟ್ಟಿತು. ನನ್ನ ಮಟ್ಟಿಗೆ ಹೇಳುವುದಾದರೆ, ಇನ್ನೊಬ್ಬರ ಕತ್ತು ಮುರಿಯದಂತೆ ನೋಡಿಕೊಳ್ಳುವುದೇ ಅರ್ಧ ಕೌಶಲವಾಗಿರುವ ಆಟಕ್ಕೆ ಆ ಮಾನ್ಯತೆ ಬಹಳ ತಡವಾಗಿ ಬಂತು.

ಈಗ ನಮ್ಮ ರಸ್ತೆಗೆ ಬರೋಣ. ಟಿನ್ ಫ್ಯಾಕ್ಟರಿಯ ಹತ್ತಿರ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಹಲಸೂರು, ಇಂದಿರಾನಗರದಿಂದ ಬರುವ ಹಳೇ ಮದ್ರಾಸ್ ರಸ್ತೆಯ ಗಾಡಿಗಳು, ಹೆಬ್ಬಾಳದ ಕಡೆಯಿಂದ ಬರುವ ಹೊರವರ್ತುಲ ರಸ್ತೆಯ ಗಾಡಿಗಳು ಅಲ್ಲಿ ಕೂಡುತ್ತವೆ. ಕೂಡಿದ ಕೂಡಲೇ ಒಂದು ಪಾಲು ತೂಗುಸೇತುವೆ ಹತ್ತಿ ಕೆ.ಆರ್.ಪುರಕ್ಕೆ, ಇನ್ನೊಂದು ಪಾಲು ಮಹದೇವಪುರದ ಕಡೆಗೆ ಒಂದನ್ನೊಂದು ಅಡ್ಡ ಹಾಯಬೇಕು. ನಡುವೆ ಬಸ್ಸುಗಳು ನಿಲ್ಲುತ್ತವೆ, ಜನ ದಾಟುತ್ತಾರೆ, ಮೆಟ್ರೊ ಕಾಮಗಾರಿಯ ಬ್ಯಾರಿಕೇಡ್ ರಸ್ತೆ ನುಂಗಿರುತ್ತದೆ. ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದಲ್ಲಿ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 34 ನಿಮಿಷ ಬೇಕಿತ್ತು. ಸಿಟ್ಟು ಬರುವುದು ಸಹಜ, ಬಾರದಿದ್ದರೇ ಆಶ್ಚರ್ಯ. ಆ ಸಿಟ್ಟು ಯಾರ ಮೇಲೆ ಹೋಗಿ ಬೀಳುತ್ತದೆ ಎಂಬುದಷ್ಟೇ ನನ್ನ ತಕರಾರು.

2025ರ ಏಪ್ರಿಲ್ 21ರಂದು ಬೈಯಪ್ಪನಹಳ್ಳಿ ಪ್ರದೇಶದಲ್ಲಿ ನಡೆದದ್ದನ್ನು ನೆನೆಯಿರಿ. ವಿಮಾನ ನಿಲ್ದಾಣಕ್ಕೆ ಹೊರಟಿದ್ದ ವಾಯುಪಡೆಯ ಅಧಿಕಾರಿಯೊಬ್ಬರಿಗೂ ಬೈಕ್ ಸವಾರನೊಬ್ಬನಿಗೂ ಜಗಳವಾಯಿತು. ಮುಖದಲ್ಲಿ ರಕ್ತ ಸುರಿಸಿಕೊಂಡು ಅಧಿಕಾರಿ ವಿಡಿಯೊ ಮಾಡಿದರು. ಕನ್ನಡದಲ್ಲಿ ಬೈಯುತ್ತಾ ತನ್ನ ಮೇಲೆ ಹಲ್ಲೆ ಮಾಡಿದರು ಎಂದರು. ದೇಶವೆಲ್ಲ ಬೆಂಗಳೂರಿಗೆ ಛೀಮಾರಿ ಹಾಕಿತು. ಅಷ್ಟರಲ್ಲಿ ಸಿಸಿಟಿವಿ ದೃಶ್ಯ ಹೊರಬಂತು. ಅದರಲ್ಲಿ ನೆಲಕ್ಕೆ ಬಿದ್ದು ಏಟು ತಿನ್ನುತ್ತಿದ್ದವನು ಬೈಕ್ ಸವಾರ. ಎರಡೂ ಕಡೆ ಮೊಕದ್ದಮೆ ದಾಖಲಾಯಿತು, ತೀರ್ಮಾನ ನ್ಯಾಯಾಲಯದ್ದು. ಆದರೆ ಒಂದು ದಿನದ ಮಟ್ಟಿಗೆ ಗಾಡಿ ತಾಗಿಸಿದ ಜಗಳ ಕನ್ನಡಿಗ–ಹೊರಗಿನವರ ಜಗಳವಾಗಿ ಬೆಳೆಯಿತು. ಎರಡೂ ಪಕ್ಷಕ್ಕೆ ಜೈಕಾರ ಹಾಕುವವರು ಫೋನುಗಳಲ್ಲಿ ಸಿದ್ಧರಿದ್ದರು. ಬಿದ್ದವನನ್ನು ಎಬ್ಬಿಸುವ ಮಾತು ಆ ಗದ್ದಲದಲ್ಲಿ ಕೇಳಲೇ ಇಲ್ಲ.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಊರಿನ ದಕ್ಷಿಣಕ್ಕೆ, ಪುಟ್ಟೇನಹಳ್ಳಿ ಸರಹದ್ದಿನಲ್ಲಿ, ಸ್ಕೂಟರಿನಲ್ಲಿ ಹೋಗುತ್ತಿದ್ದ ಡೆಲಿವರಿ ಹುಡುಗನೊಬ್ಬ ಸತ್ತ. ಕಾರಿನ ಕನ್ನಡಿಗೆ ಸ್ಕೂಟರ್ ತಾಗಿತೆಂದು ಬೆನ್ನಟ್ಟಿ ಗುದ್ದಿದರು ಎಂಬುದು ಪೊಲೀಸರ ಆರೋಪ. ಕಾರಿನಲ್ಲಿದ್ದ ದಂಪತಿಯನ್ನು ಬಂಧಿಸಿದರು. ಒಂದು ಸೈಡ್ ಮಿರರ್‌ಗೆ ಬೆಲೆ ಎಷ್ಟಿದ್ದೀತು?

ಸ್ನೇಹಿತರೇ, ಮುಂದೆ ಸಿಕ್ಕಿಕೊಂಡಿರುವ ಆಟೊದವರು ನಿಮ್ಮ ಎದುರಾಳಿ ತಂಡದವರಲ್ಲ. ನಿಮಗೆ ದಾರಿ ಕೊಡದವರು ಬೇರೆಯೇ ಇದ್ದಾರೆ. 2019ರಲ್ಲಿ ಇದೇ ಕೆ.ಆರ್.ಪುರದಿಂದ ಸಿಲ್ಕ್ ಬೋರ್ಡ್‌ವರೆಗೆ ಬಸ್ಸುಗಳಿಗೆಂದೇ ಒಂದು ಪಥ ಮಾಡಿದ್ದರು, ‘ನಿಂಬಸ್’ ಎಂದು ಹೆಸರಿಟ್ಟಿದ್ದರು. ಬೊಲಾರ್ಡ್ ನೆಟ್ಟರು, ಬಸ್ಸುಗಳು ಸರಾಗವಾಗಿ ಓಡಿದವು. ಕೊರೊನಾ ಬಂತು, ಮೆಟ್ರೊ ಕಾಮಗಾರಿ ಬಂತು, ಪಥ ಮಾಯವಾಯಿತು. ಬೈಯಪ್ಪನಹಳ್ಳಿಗೂ ಎಂ.ಜಿ. ರಸ್ತೆಗೂ ನಡುವೆ ನಮ್ಮೂರಿನ ಮೊದಲ ಮೆಟ್ರೊ ಓಡಿದ್ದು 2011ರಲ್ಲಿ. ಅದೇ ಬೈಯಪ್ಪನಹಳ್ಳಿಯಿಂದ ಪಕ್ಕದ ಕೆ.ಆರ್.ಪುರಕ್ಕೆ ರೈಲು ತಲುಪಲು 2023ರ ಅಕ್ಟೋಬರ್ ಆಯಿತು. ಈ ಹನ್ನೆರಡು ವರ್ಷಗಳಿಗೆ ಲೆಕ್ಕ ಕೇಳಬೇಕಾದವರ ಮುಂದೆ ನಿಮ್ಮ ಹಾರನ್ ಒಮ್ಮೆಯೂ ಮೊಳಗಲಿಲ್ಲ. ಅದು ಮೊಳಗಿದ್ದು ಬೌರಿಂಗ್ ಕಡೆಗೆ ನಡೆದು ಹೋಗುತ್ತಿದ್ದ ರೋಗಿಯ ಬೆನ್ನ ಹಿಂದೆ, ರಸೆಲ್ ಮಾರ್ಕೆಟ್ಟಿನ ಮುಂದೆ ಕೈಗಾಡಿ ತಳ್ಳುವವನ ಕಿವಿಯಲ್ಲಿ. ಸುಮ್ಮಸುಮ್ಮನೆ ಹಾರನ್ ಒತ್ತಿದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಮೊದಲ ಸಲಕ್ಕೆ 1000 ರೂಪಾಯಿ ದಂಡ. ಹೆಲ್ಮೆಟ್ಟಿಗೆ ಹಿಡಿದಷ್ಟು ಶ್ರದ್ಧೆಯಿಂದ ಅದಕ್ಕೂ ಹಿಡಿಯಿರಿ ಎಂದು ಸಂಚಾರ ಪೊಲೀಸರಲ್ಲೂ ಈ ಪತ್ರದ ಮೂಲಕ ಕೇಳಿಕೊಳ್ಳುತ್ತೇನೆ.

ಈಗ ಹಲಸೂರು ಒಂದು ನಗರ ಪಾಲಿಕೆಗೆ ಸೇರಿದೆ, ಕೆ.ಆರ್.ಪುರ ಇನ್ನೊಂದಕ್ಕೆ. ರಸ್ತೆ ಮಾತ್ರ ಒಂದೇ. ಹೊರವರ್ತುಲದ ಮೆಟ್ರೊ ಮುಗಿದು ಬ್ಯಾರಿಕೇಡ್ ತೆಗೆಯುವ ದಿನ, ಖಾಲಿಯಾದ ಜಾಗವನ್ನು ಕಾರುಗಳಿಗೆ ಬಿಡದೆ ಬಸ್ ಪಥಕ್ಕೆ ವಾಪಸ್ ಕೊಡಿ ಎಂದು ಎರಡೂ ಪಾಲಿಕೆಗಳನ್ನು, ಸರ್ಕಾರವನ್ನು ಕೇಳಲು ನೀವೂ ಬನ್ನಿ. ‘ಈ ಸಲ ಕಪ್ ನಮ್ದೇ’ ಎಂದು ವರ್ಷಗಟ್ಟಲೆ ಬಿಡದೆ ಕೂಗಿದವರು ನೀವು. ಒಂದು ಬಸ್ ಪಥಕ್ಕಾಗಿ ಒಂದು ವರ್ಷ ಕೂಗಲಾರಿರಾ?

ಅಲ್ಲಿಯವರೆಗೆ ಒಂದೇ ಬೇಡಿಕೆ. ಗಾಡಿ ತಾಗಿ ಯಾರಾದರೂ ಬಿದ್ದರೆ ಮೊದಲು ಇಳಿದು ಅವರನ್ನು ಹಿಡಿಯಿರಿ. ಪೆಟ್ಟಾಗಿದೆಯೇ ಕೇಳಿ, ನೀರು ಕೊಡಿ, ಬೇಕಾದರೆ 108ಕ್ಕೆ ಕರೆ ಮಾಡಿ. ತಪ್ಪು ಯಾರದು, ದುಡ್ಡು ಯಾರು ಕೊಡಬೇಕು ಎಂಬ ಮಾತು ಆಮೇಲೆ. ಸಹಾಯಕ್ಕೆ ಬಂದವರನ್ನು ಪೊಲೀಸರು ಪೀಡಿಸುತ್ತಾರೆಂಬ ಭಯ ಬೇಡ: ಅಂಥವರ ರಕ್ಷಣೆಗಾಗಿ ಕರ್ನಾಟಕದ 2016ರ ಕಾಯ್ದೆಯೇ ಇದೆ, 2019ರ ತಿದ್ದುಪಡಿಯಿಂದ ದೇಶದ ಮೋಟಾರು ವಾಹನ ಕಾಯ್ದೆಯಲ್ಲೂ ಆ ರಕ್ಷಣೆ ಇದೆ.

ಇಂತಿ ನಿಮ್ಮ ಹಿಂದಿನ ಗಾಡಿಯಲ್ಲಿ ಕಾಯುತ್ತಿರುವ,
ಹಲಸೂರಿನ ಒಬ್ಬ ನಿವಾಸಿ