ಜೋಡಣೆಗೆ ಮುನ್ನ ಓದಿಕೊಳ್ಳಿ

ಷಿಕಾಗೋ ಹತ್ತಿರದ ಬೋಲಿಂಗ್‌ಬ್ರೂಕಿನ ಬೌಟನ್ ರಸ್ತೆಯಲ್ಲಿ ಐಕಿಯಾದ ದೊಡ್ಡ ನೀಲಿ ಕಟ್ಟಡವಿದೆ, 2005ರಿಂದ. ಅಲ್ಲಿಂದ ಮಗ ಒಂದು ಪುಸ್ತಕದ ಕಪಾಟು ತಂದ. ಕಪಾಟು ಅಂದರೆ ಕಪಾಟಲ್ಲ, ಒಂದು ಚಪ್ಪಟೆ ಡಬ್ಬ. ಬಿಚ್ಚಿದರೆ ಹಲಗೆಗಳು, ಒಂದು ಪೊಟ್ಟಣ ಸ್ಕ್ರೂ, ಒಂದು ಅಲೆನ್ ಕೀ, ಒಂದು ಕೈಪಿಡಿ. ಕೈಪಿಡಿಯಲ್ಲಿ ಅಕ್ಷರವೇ ಇಲ್ಲ. ಗುಂಡು ತಲೆಯ ಒಬ್ಬ ಮನುಷ್ಯ ಪುಟದಿಂದ ಪುಟಕ್ಕೆ ಸುಮ್ಮನೆ ನಗುತ್ತಾನೆ. ತಿಪಟೂರಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿದ ನಾನು ಓದಲು ಒಂದು ಪದವೂ ಇಲ್ಲದ ಪುಸ್ತಕವನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು.

ಇಂಗ್ಲಿಷಿನ ಕ್ರಿಯಾಪದವೂ ಹೀಗೇ ಡಬ್ಬದಲ್ಲಿ ಬಿಡಿಬಿಡಿಯಾಗಿ ಬರುತ್ತದೆ. ಅದರ ಜೊತೆ ನಗುವ ಗುಂಡುತಲೆಯವನೂ ಬರುವುದಿಲ್ಲ. ಆರು ತಿಂಗಳಿಗೆಂದು ಮಕ್ಕಳ ಮನೆಗೆ ಬರುವ ನನ್ನಂಥ ಅಪ್ಪ ಅಮ್ಮಂದಿರ ಉಪಯೋಗಕ್ಕೆ ಈ ಕೈಪಿಡಿ.

ಡಬ್ಬದಲ್ಲಿರುವ ಸಾಮಾನು

ಹಲಗೆಗಳು: ಗೆಟ್, ಗೋ, ಟೇಕ್, ಪುಟ್, ಲುಕ್, ಟರ್ನ್, ಕಮ್, ರನ್. ಸ್ಕ್ರೂಗಳು: ಅಪ್, ಡೌನ್, ಇನ್, ಔಟ್, ಆನ್, ಆಫ್, ಟು, ವಿತ್, ಇತ್ಯಾದಿ. ಹಲಗೆ ನೋಡಲು ಚಿಕ್ಕದೆಂದು ಮೋಸಹೋಗಬೇಡಿ. ರನ್ ಎಂಬ ಒಂದಕ್ಕೇ ಆಕ್ಸ್‌ಫರ್ಡ್ ನಿಘಂಟಿನವರು 645 ಅರ್ಥ ಎಣಿಸಿದ್ದಾರೆ. ಸಾಮಾನು ಕಡಿಮೆ ಬಂದಿದೆ ಎಂದು ವಾಪಸು ಕೊಡಲು ಹೋಗಬೇಡಿ, ಅಂಗಡಿ 1755ಕ್ಕೂ ಮುಂಚಿನದು. ಆ ವರ್ಷ ನಿಘಂಟು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್, ಪರದೇಶದವರಿಗೆ ಎಲ್ಲಕ್ಕಿಂತ ಕಷ್ಟವಾಗುವುದು ಹಲಗೆ-ಸ್ಕ್ರೂಗಳ ಈ ಜೋಡುಗಳೇ ಎಂದು ಮುನ್ನುಡಿಯಲ್ಲೇ ಒಪ್ಪಿಕೊಂಡಿದ್ದಾನೆ. ಫ್ರೇಸಲ್ ವರ್ಬ್ ಎಂಬ ಹೆಸರು ಚಾಲ್ತಿಗೆ ಬಂದದ್ದು ಲೋಗನ್ ಪಿಯರ್ಸಲ್ ಸ್ಮಿತ್‌ನ 1925ರ ಪುಸ್ತಕದಿಂದ. ಮಗು ಅಜ್ಜನಾದ ಮೇಲೆ ನಾಮಕರಣ.

ಎಚ್ಚರಿಕೆ

ಊರಿನಿಂದ ತಂದ ವಿಭಕ್ತಿ ಪ್ರತ್ಯಯಗಳನ್ನು ಇಲ್ಲಿ ತಿರುಗಿಸಬೇಡಿ, ಮರೆ ಸವೆಯುತ್ತದೆ. ‘ಗೆ’ಗೆ ಟು, ‘ಇಂದ’ಕ್ಕೆ ಫ್ರಮ್, ‘ಅಲ್ಲಿ’ಗೆ ಇನ್, ‘ಮೇಲೆ’ಗೆ ಆನ್ ಎಂದು ನಮ್ಮ ಮೇಷ್ಟ್ರು ಬಾಯಿಪಾಠ ಮಾಡಿಸಿದ್ದರು. ಆ ಲೆಕ್ಕದಲ್ಲಿ ‘ಅವನ ಮೇಲೆ ಕೋಪ’ ಆಂಗ್ರಿ ಆನ್ ಹಿಮ್ ಆಗಬೇಕು, ‘ಅವಳ ಜೊತೆ ಮದುವೆ’ ಮ್ಯಾರೀಡ್ ವಿತ್ ಹರ್ ಆಗಬೇಕು. ಎರಡೂ ತಪ್ಪಂತೆ. ಇವರಲ್ಲಿ ಆಂಗ್ರಿಗೆ ವಿತ್, ಮ್ಯಾರೀಡ್‌ಗೆ ಟು. ಅಂದರೆ ಕೋಪವನ್ನು ಇಬ್ಬರೂ ಕೂಡಿ ಮಾಡುತ್ತಾರೆ, ಮದುವೆಯನ್ನು ಒಬ್ಬರಿಗೊಬ್ಬರು ಮಾಡಿಕೊಳ್ಳುತ್ತಾರೆ. ನಲವತ್ತೆರಡು ವರ್ಷ ಸಂಸಾರ ಮಾಡಿದವನಾಗಿ ಇದರಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ.

ಕೆಲವು ಹಲಗೆಗಳಿಗೆ ಸ್ಕ್ರೂ ಬೇಡವೇ ಬೇಡ. ಡಿಸ್ಕಸ್ ಅಬೌಟ್ ಅನ್ನುತ್ತೇವಲ್ಲ, ಅಲ್ಲಿರುವ ಅಬೌಟ್ ನಮ್ಮ ‘ಬಗ್ಗೆ’. ರೀಚ್ಡ್ ಟು ಹೋಮ್‌ನಲ್ಲಿರುವ ಟು ‘ಮನೆಗೆ ತಲುಪಿದೆ’ಯಲ್ಲಿರುವ ‘ಗೆ’. ಕಳಚಿಡಿ, ಮುಂದೆ ಬೇಕಾಗುತ್ತದೆ.

ಮೊದಲ ಹಂತ

ಹತ್ತುವುದು, ಇಳಿಯುವುದು. ಕನ್ನಡದಲ್ಲಿ ಬಸ್ಸು, ಕಾರು, ವಿಮಾನ, ಕುದುರೆ ಎಲ್ಲವನ್ನೂ ಹತ್ತಿ ಇಳಿದರಾಯಿತು. ಇಲ್ಲಿ ಪೇಸ್ ಎಂಬ ಬಸ್ಸಿಗೆ ಗೆಟ್ ಆನ್, ಕಾರಿಗೆ ಗೆಟ್ ಇನ್. ಒಳಗೆ ನೆಟ್ಟಗೆ ನಿಂತು ನಾಲ್ಕು ಹೆಜ್ಜೆ ಹಾಕಬಹುದಾದರೆ ಆನ್, ಬಗ್ಗಿ ಕೂತುಕೊಳ್ಳಬೇಕಾದರೆ ಇನ್. ಬಸ್ಸಿನಿಂದ ಗೆಟ್ ಡೌನ್ ಅಂದರೆ ನಾವು ಇಳಿಯುತ್ತೇವೆ. ಇಲ್ಲಿನವರಲ್ಲಿ ಕೆಲವರು ಕುಣಿಯುತ್ತಾರೆ, ಕೆಲವರು ತಲೆ ತಗ್ಗಿಸಿ ಬಚ್ಚಿಟ್ಟುಕೊಳ್ಳುತ್ತಾರೆ. ಗೆಟ್ ಆಫ್ ಅನ್ನಿ.

ಎರಡನೆಯ ಹಂತ

ಇದಕ್ಕೆ ಸಾವಧಾನ ಬೇಕು. ಲೆಮಾಂಟ್‌ನ ದೇವಸ್ಥಾನದಿಂದ ವಾಪಸು ಬರುವಾಗ ಸೊಸೆ, ರಾತ್ರಿ ಊಟಕ್ಕೆ ಬರಲಿದ್ದವರಿಗೆ ಫೋನಿನಲ್ಲಿ ದಾರಿ ಹೇಳುತ್ತಿದ್ದಳು: ವೆಬರ್ ರಸ್ತೆಯ ಹತ್ತಿರ ಟರ್ನ್ ಆಫ್ 55. ಷಿಕಾಗೋಗೆ ಹೋಗುವ ಅಷ್ಟು ದೊಡ್ಡ ಹೆದ್ದಾರಿಯನ್ನು ಆಫ್ ಮಾಡುವ ಸ್ವಿಚ್ಚು ವೆಬರ್ ರಸ್ತೆಯಲ್ಲಿದೆಯೇ? ಹಿಂದಿನ ದಿನವಷ್ಟೇ ಮೊಮ್ಮಗಳು ನನಗೆ ಟರ್ನ್ ಆಫ್ ದಿ ಲೈಟ್ ತಾತ ಎಂದಿದ್ದಳು. ಅದೇ ಟರ್ನ್, ಅದೇ ಆಫ್.

ಹಿಂದಿನ ಸೀಟಿನಿಂದ ಹತ್ತು ವರ್ಷದ ಆ ಮೊಮ್ಮಗಳೇ ಬಿಡಿಸಿದಳು. ವ್ಯಾಕರಣ ಗೊತ್ತಿದ್ದು ಅಲ್ಲ, ಕಿವಿಗೆ ಗೊತ್ತಿದ್ದು. ಲೈಟಿನ ಬದಲು ಇಟ್ ಹಾಕಿದರೆ ಟರ್ನ್ ಇಟ್ ಆಫ್. ರಸ್ತೆಯ ಬದಲು ಇಟ್ ಹಾಕಿದರೆ ಟರ್ನ್ ಆಫ್ ಇಟ್. ಲೈಟಿಗೆ ಟರ್ನ್ ಆಫ್ ಇಟ್ ಅಂದರೆ ‘ಯೂ ಸೌಂಡ್ ಫನಿ, ತಾತ’. ನನಗೆ ಕಾರಿನೊಳಗೇ ಶಬ್ದಮಣಿದರ್ಪಣ ತೆರೆದಂತಾಯಿತು. ಲೈಟಿನ ಆಫ್ ಕ್ರಿಯಾಪದಕ್ಕೇ ಬಿಗಿದ ಸ್ಕ್ರೂ, ನಾಮಪದ ಅವೆರಡರ ನಡುವೆ ನುಸುಳಬಹುದು. ರಸ್ತೆಯ ಆಫ್ ರಸ್ತೆಗೇ ಸೇರಿದ್ದು, ನಮ್ಮ ‘ರಸ್ತೆಯಿಂದ’ದಲ್ಲಿರುವ ‘ಇಂದ’ದಂತೆ, ಮುಂದೆ ಅಂಟಿಕೊಂಡಿದೆ ಅಷ್ಟೆ. ಇಟ್ ಎಂಬುದೇ ನಿಮ್ಮ ಅಲೆನ್ ಕೀ, ಕಳೆದುಕೊಳ್ಳಬೇಡಿ. ಲುಕ್ ಆಫ್ಟರ್ ಇಟ್ ಸರಿ, ಲುಕ್ ಇಟ್ ಆಫ್ಟರ್ ಕೂಡದು. ಪುಟ್ ಇಟ್ ಆನ್ ಸರಿ, ಪುಟ್ ಆನ್ ಇಟ್ ಕೂಡದು.

ಮೂರನೆಯ ಹಂತ

ಈಟ್ ಅಪ್, ಬರ್ನ್ ಡೌನ್, ಕ್ಯಾರಿ ಆನ್ ಬಂದಾಗ ಮೇಲೆ ಕೆಳಗೆ ನೋಡಬೇಡಿ. ಈಟ್ ಅಪ್‌ನಲ್ಲಿ ಯಾವುದೂ ಮೇಲಕ್ಕೆ ಹೋಗುವುದಿಲ್ಲ, ಅನ್ನ ಯಾವಾಗಲೂ ಕೆಳಗೇ. ಆ ಅಪ್ ನಮ್ಮ ‘ತಿಂದುಹಾಕು’ವಿನಲ್ಲಿರುವ ‘ಹಾಕು’. ತಿಂದುಹಾಕುವಾಗ ಯಾರು ಎಲ್ಲಿಗೆ ಏನನ್ನು ಹಾಕುತ್ತಾರೆ? ಬರ್ನ್ ಡೌನ್ ‘ಸುಟ್ಟುಹೋಗು’. ಸುಟ್ಟ ಮನೆ ಎಲ್ಲಿಗೂ ಹೋಗುವುದಿಲ್ಲ, ಅಲ್ಲೇ ಬೂದಿಯಾಗಿರುತ್ತದೆ. ಕ್ಯಾರಿ ಆನ್ ‘ಮಾಡುತ್ತಾ ಹೋಗು’. ಇಂಗ್ಲಿಷಿನವರು ಅಪ್, ಡೌನ್, ಆನ್‌ಗಳಿಂದ ತೆಗೆಯುವ ಕೆಲಸವನ್ನು ನಾವು ಬಿಡು, ಹಾಕು, ಹೋಗು, ಕೊಡು, ಕೊಳ್ಳುಗಳಿಂದ ತೆಗೆಯುತ್ತೇವೆ. ಮೂವತ್ತು ವರ್ಷ ಹುಡುಗರಿಗೆ ‘ಬಿದ್ದುಬಿಟ್ಟ’ ಹೇಳಿಕೊಟ್ಟವನಿಗೆ, ಬಿದ್ದವನು ಬಿಟ್ಟದ್ದು ಏನನ್ನು ಎಂದು ಕೇಳಬೇಕೆನ್ನಿಸಿದ್ದು ಬೋಲಿಂಗ್‌ಬ್ರೂಕಿಗೆ ಬಂದ ಮೇಲೆ. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚುಹಾಕಿಸಿದ ಕಿಟ್ಟೆಲ್ ಸಾಹೇಬರು ನಮ್ಮ ಈ ಸ್ಕ್ರೂಪೊಟ್ಟಣ ಬಿಚ್ಚಿಕೊಂಡು ಎಷ್ಟು ರಾತ್ರಿ ಕೂತಿದ್ದರೋ.

ಫಾರ್ಮನ್ನು ಫಿಲ್ ಇನ್ ಅಂದರೂ ಫಿಲ್ ಔಟ್ ಅಂದರೂ ಒಂದೇ. ಕಾರಣ ಕೇಳಬೇಡಿ, ತುಂಬಿ ಕೊಡಿ.

ಇನ್ನೊಂದು ಅಪಾಯ, ನಮ್ಮ ಹಲಗೆಯನ್ನು ಅವರ ಗೋಡೆಗೆ ಹೊಡೆಯುವುದು. ಕಪಾಟಿನ ಡಬ್ಬ ಇಳಿಸುವಾಗ ಪಕ್ಕದ ಮನೆಯ ಯಜಮಾನರು, ನನಗಿಂತ ನಾಲ್ಕು ವರ್ಷ ಹಿರಿಯರು, ನೀಡ್ ಎ ಹ್ಯಾಂಡ್ ಎನ್ನುತ್ತಾ ಬಂದರು. ಕೈ ಬೇಕಾ! ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಳ್ಳುವಾಗ ಅವರಿಗೆ ವಿವರಿಸಿದೆ: ನಮ್ಮಲ್ಲಿ ‘ಕೈ ಕೊಟ್ಟ’ ಎಂದರೆ ನಡುನೀರಿನಲ್ಲಿ ಬಿಟ್ಟು ಓಡಿಹೋದ ಎಂದು. ‘ಕೈ ಹಿಡಿದ’ ಎಂದರೆ ಮದುವೆಯಾದ, ‘ಕೈ ಹಾಕಿದ’ ಎಂದರೆ ಶುರುಮಾಡಿದ, ‘ಕೈ ಬಿಟ್ಟ’ ಎಂದರೆ ತೊರೆದ, ‘ಕೈ ಎತ್ತಿದ’ ಎಂದರೆ ತನ್ನಿಂದಾಗದೆಂದ. ಅವರು ತಮ್ಮ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡು, ಒಂದೇ ಕೈಯಲ್ಲಿ ಇಷ್ಟೆಲ್ಲ ಹೇಗೆ ಕಲಿಯುತ್ತೀರಿ ಎಂದರು. ಗೆಟ್ ಎಂಬುದನ್ನು ನೀವು ಕಲಿತ ಹಾಗೆಯೇ ಎಂದೆ.

ದೋಷ ಪರಿಹಾರ: ಕೊನೆಗೆ ಒಂದು ಸ್ಕ್ರೂ ಕೈಯಲ್ಲೇ ಉಳಿದರೆ

ಕಪಾಟಿನಲ್ಲಿ ಉಳಿದದ್ದನ್ನು ಸೊಸೆ ಅಡುಗೆಮನೆಯ ಡ್ರಾಯರಿಗೆ ಹಾಕಿದಳು. ವಾಕ್ಯದಲ್ಲಿ ಉಳಿದರೆ ಷಿಕಾಗೋ ಕಡೆಯವರು ಅದನ್ನು ಬಾಲಕ್ಕೆ ಸಿಕ್ಕಿಸಿ ಹೊರಟುಬಿಡುತ್ತಾರೆ. ಡು ಯೂ ವಾಂಟ್ ಟು ಕಮ್ ವಿತ್? ಅಷ್ಟೇ. ವಿತ್ ಯಾರು ಎಂಬುದಿಲ್ಲ. ಈ ಸೀಮೆಗೆ ವಲಸೆ ಬಂದ ಜರ್ಮನರ, ಸ್ಕ್ಯಾಂಡಿನೇವಿಯದವರ ಮಾತಿನಿಂದ ಉಳಿದದ್ದು ಎಂದು ಭಾಷೆ ಬಲ್ಲವರ ಊಹೆ. ಜರ್ಮನ್‌ನಲ್ಲಿ ‘ಜೊತೆ-ಬರು’ ಒಂದೇ ಕ್ರಿಯಾಪದ. ಅಮೆರಿಕದ ಬೇರೆ ಕಡೆಯ ಬಹಳ ಮಂದಿಗೆ ಇದು ಅರ್ಧಕ್ಕೆ ನಿಂತ ವಾಕ್ಯ. ತಿಪಟೂರಿನವನಿಗೆ ಹಾಗೆನ್ನಿಸಬಾರದಿತ್ತು, ‘ಜೊತೆಗೆ ಬರ್ತೀರಾ?’ ಎಂದು ನಾವೂ ಅಷ್ಟಕ್ಕೇ ನಿಲ್ಲಿಸುತ್ತೇವೆ.

ಆದರೆ ಮೇಷ್ಟ್ರು ಕಲಿಸಿದ ಇಂಗ್ಲಿಷು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಮರುವಾರ ಪಕ್ಕದ ಮನೆಯ ಯಜಮಾನರು ಕಾರಿನ ಬಾಗಿಲು ತೆರೆದು, ಮೊಳೆ ಸುತ್ತಿಗೆ ಕೊಳ್ಳಲು ಅಂಗಡಿಗೆ ಹೊರಟಿದ್ದೇನೆ, ವಾಂಟ್ ಟು ಕಮ್ ವಿತ್ ಎಂದರು. ನಾನು ನಾಮಪದಕ್ಕಾಗಿ ಕಾದೆ. ಅವರು ನನಗಾಗಿ ಕಾದರು. ವಿತ್ ಯಾರು, ಹೆಂಡತಿಯ ಜೊತೆಯಾ, ಚೀಲದ ಜೊತೆಯಾ?

ಬಾಗಿಲಿನಿಂದ ಮಗ ಕೂಗಿದ: “ಅಪ್ಪಾ, ವಾಕ್ಯ ಮುಗೀತು. ಹತ್ತಿ.”

ಒಳಗೆ ನೋಡಿದೆ. ನಿಂತು ನಾಲ್ಕು ಹೆಜ್ಜೆ ಹಾಕುವಂತಿರಲಿಲ್ಲ. ಬಗ್ಗಿ, ಇನ್ ಆದೆ.