ಎಫ್ ಕಾರ್ಡಿನ ಭಕ್ತಿ

ಗಿಟಾರ್ ಕಲಿಯುವವರಲ್ಲಿ ಎರಡು ಜಾತಿ. ಹದಿನಾರರಲ್ಲಿ ಹುಡುಗಿಯರಿಗೋಸ್ಕರ ಕಲಿಯುವವರು, ಅರವತ್ತರಲ್ಲಿ ಪೆನ್ಷನ್ ಬಂದ ಮೇಲೆ ಕಲಿಯುವವರು. ಮೊದಲನೆಯವರು ಇಂದಿರಾನಗರದ ಕ್ಲಾಸುಗಳಲ್ಲಿ ಸಿಗುತ್ತಾರೆ. ಎರಡನೆಯವರ ಪೈಕಿ ಒಬ್ಬರು ಹಲಸೂರಿನ ನಮ್ಮ ಕೆಳಮನೆಯಲ್ಲೇ ಇದ್ದಾರೆ. ದೂರವಾಣಿನಗರದ ಐಟಿಐನಲ್ಲಿ ಟೆಲಿಫೋನ್ ತಂತಿಗಳ ಜೊತೆ ಆಯುಷ್ಯ ಕಳೆದವರಿಗೆ ಆರೇ ಆರು ತಂತಿ ಯಾವ ಲೆಕ್ಕ ಅನ್ನಬೇಡಿ. ಲೆಕ್ಕ ತಪ್ಪುವುದೇ ಎಫ್ ಕಾರ್ಡಿನಲ್ಲಿ.

ಅಂಕಲ್ ಹಿಡಿದಿರುವ ಹಾಡು ಬೀಟಲ್ಸ್‌ನವರ 'ಲೆಟ್ ಇಟ್ ಬಿ'. ಸಣ್ಣಪುಟ್ಟ ಸರಿದಾಟ ಬಿಟ್ಟರೆ ಸಿ, ಜಿ, ಎ ಮೈನರ್, ಎಫ್, ಇಷ್ಟರಲ್ಲೇ ಮುಗಿಯುತ್ತದೆ. ಮೊದಲ ಮೂರು ಸಲೀಸು. ಎಫ್‌ಗೆ ಬಂದರೆ ತೋರುಬೆರಳನ್ನು ಅಡ್ಡ ಮಲಗಿಸಿ ಆರೂ ತಂತಿ ಒಟ್ಟಿಗೆ ಅದುಮಬೇಕು. ಅದುಮಿದರೆ ಮೂರು ನುಡಿಯುತ್ತವೆ, ಒಂದು ಗೊರಗುಡುತ್ತದೆ, ಮಿಕ್ಕೆರಡು ಮೌನವ್ರತ. "ತಪಸ್ಸುಕಾಲ ನಲವತ್ತು ದಿನಕ್ಕೆ ಮುಗಿಯುತ್ತೆ ಮ್ಯಾನ್, ಇದು ಮುಗಿಯಲ್ಲ" ಅನ್ನುತ್ತಾರೆ ಅಂಕಲ್, ಬೆರಳು ಊದಿಕೊಳ್ಳುತ್ತಾ.

ಮಜಾ ಇರುವುದು ಇಲ್ಲಿ. ಹಾಡಿನಲ್ಲಿ ಮೇರಿಯ ಹೆಸರು ಎ ಮೈನರ್ ಮೇಲೆ ಬರುತ್ತದೆ, ಮರುಕ್ಷಣವೇ ಎಫ್. ಅಂಕಲ್ ಅಲ್ಲಿ ಸಿಕ್ಕಿಕೊಳ್ಳುತ್ತಾರೆ. ಬೆರಳು ಜೋಡಿಸುವಷ್ಟು ಹೊತ್ತೂ ಬಾಯಲ್ಲಿ ಮೇರಿ, ಮೇರಿ, ಮೇರಿ. ಕೇಳುವವನಿಗೆ ಆ ಹೆಸರು ಬಂದದ್ದೂ ಹೋದದ್ದೂ ಗೊತ್ತಾಗುವುದಿಲ್ಲ. ಕಲಿಯುವವನಿಗೆ ಬೆಳಗಿನಿಂದ ಮಧ್ಯಾಹ್ನದವರೆಗೆ ಅದೇ ಜಪ. ಭಕ್ತಿ ಹುಟ್ಟದೆ ಇನ್ನೇನು ಹುಟ್ಟೀತು?

"ಇದು ಪಾಪ್ ಸಾಂಗಲ್ಲ, ನೊವೆನಾ" ಅಂತ ಒಂದು ದಿನ ಘೋಷಿಸಿಯೇಬಿಟ್ಟರು.

ನಾನಾದರೂ ಸುಮ್ಮನಿರಬಹುದಿತ್ತು, ಬಾಯಿ ಬಿಡಬೇಕಲ್ಲ. "ಅಂಕಲ್, ಆ ಮೇರಿ ನಿಮ್ಮ ಮಾತೆ ಅಲ್ಲ. ಪಾಲ್ ಮೆಕಾರ್ಟ್ನಿಯ ಹೆತ್ತ ತಾಯಿ. 1956ರಲ್ಲಿ ತೀರಿಕೊಂಡಾಗ ಹುಡುಗನಿಗೆ 14 ವರ್ಷ. ಮುಂದೆ ಬೀಟಲ್ಸ್ ಒಳಗೊಳಗೇ ಕಿತ್ತಾಡುತ್ತಿದ್ದಾಗ ಕನಸಲ್ಲಿ ಬಂದು ಸಮಾಧಾನ ಹೇಳಿದಳಂತೆ. 1970ರಲ್ಲಿ ಹಾಡು ಬಂತು, ಅದೇ ವರ್ಷ ತಂಡ ಒಡೀತು."

"ಆಯಮ್ಮ ಏನು ಕೆಲಸ ಮಾಡ್ತಿದ್ರು?"

"ನರ್ಸು. ಹೆರಿಗೆ ಮಾಡಿಸ್ತಿದ್ರು."

"ಯಾವ ಚರ್ಚು?"

ಇಲ್ಲಿ ನನ್ನ ದನಿ ಇಳಿಯಿತು. "ಕ್ಯಾಥೋಲಿಕ್. ಮಗನಿಗೂ ಅಲ್ಲೇ ಜ್ಞಾನಸ್ನಾನ."

"ಹೆಸರು ಮೇರಿ, ಕೆಲಸ ರೋಗಿಗಳ ಸೇವೆ, ಕಷ್ಟ ಅಂದಾಗ ಕನಸಲ್ಲಿ ಪ್ರತ್ಯಕ್ಷ. ಆರೋಗ್ಯ ಮಾತೆ ಅಂತ ವೇಲಾಂಕಣಿಗೆ ನಡ್ಕೊಂಡು ಹೋಗ್ತಾರಲ್ಲ, ಅವರನ್ನ ಹೋಗಿ ಕೇಳು ಮ್ಯಾನ್."

ಕಂಟೋನ್ಮೆಂಟಿನವರ ಜೊತೆ ಈ ವಾದ ಗೆಲ್ಲಲಾಗದು. ಆಗಸ್ಟ್ 29ಕ್ಕೆ ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾದಲ್ಲಿ ಬಾವುಟ ಏರಿತೆಂದರೆ ಸೆಪ್ಟೆಂಬರ್ 8ರ ತೇರಿನ ತನಕ ಬಸ್ ಸ್ಟ್ಯಾಂಡಿನ ಸುತ್ತ ಎಲ್ಲೆಲ್ಲೂ ಕಾವಿ ಬಟ್ಟೆ. ಕುಂಕುಮದ ಹೆಂಗಸರು ಮೇಣದ ಬತ್ತಿ ಹಚ್ಚುತ್ತಾರೆ. ಮಾತೆಯೂ ಸೀರೆ ಉಟ್ಟು ನಿಂತಿರುತ್ತಾಳೆ. ನಜರೇತಿನವಳಿಗೆ ಸೀರೆ ಎಲ್ಲಿಂದ ಬಂತು ಅಂತ ಯಾರೂ ಕೇಳಿದ್ದಿಲ್ಲ. ಲಿವರ್‌ಪೂಲಿನವಳನ್ನು ಮಾತ್ರ ತಡೆದು ಗುರುತಿನ ಚೀಟಿ ಕೇಳುವುದೆ? ಎಂ.ಜಿ. ರಸ್ತೆಯಲ್ಲಿ ಪ್ರತಿಮೆಯಾಗಿರುವ ಕಿಟೆಲ್ ಸಾಹೇಬರು 1862ರಷ್ಟು ಹಿಂದೆಯೇ 'ಕಥಾಮಾಲೆ' ಬರೆದು ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿಗೆ ಕೂರಿಸಿದರು. ಅವರು ಯೇಸುವಿಗೆ ಹಾಡು ಹುಡುಕಿದರು, ನಮ್ಮ ಅಂಕಲ್ ಹಾಡಿನಲ್ಲಿ ಯೇಸುವನ್ನು ಹುಡುಕುತ್ತಿದ್ದಾರೆ, ಅಷ್ಟೇ.

ಈಗ ಹುಡುಕಾಟ ಹಬ್ಬಿದೆ. ಬೋನಿ ಎಂ.ನ 'ರಿವರ್ಸ್ ಆಫ್ ಬ್ಯಾಬಿಲಾನ್'ನಲ್ಲಿ ಹುಡುಕುವ ಶ್ರಮವೇ ಇಲ್ಲ, ಅದು 137ನೇ ಕೀರ್ತನೆ. 'ಹೋಟೆಲ್ ಕ್ಯಾಲಿಫೋರ್ನಿಯಾ' ನರಕವಂತೆ. ಲೆನಾರ್ಡ್ ಕೋಹೆನ್‌ನ 'ಹಲ್ಲೆಲೂಯ'ವನ್ನು ಕ್ರಿಸ್ಮಸ್‌ಗೆ ಚರ್ಚಿನಲ್ಲೇ ಹಾಡಿಸುವ ಯೋಜನೆ. "ಅಂಕಲ್, ಬರೆದವನು ಯೆಹೂದಿ. ಒಳಗಿರೋದು ದಾವೀದ ಮಹಡಿ ಮೇಲಿಂದ ಪರಸ್ತ್ರೀ ಸ್ನಾನ ನೋಡಿದ ಕಥೆ" ಅಂದೆ. "ದಾವೀದನೂ ಯೆಹೂದಿಯೇ, ಕಥೆ ಬೈಬಲ್‌ನದ್ದೇ" ಅಂದರು.

ನಿಮ್ಮ ಕೆಳಮನೆಯಲ್ಲೂ ಇಂಥ ಭಕ್ತರಿದ್ದರೆ ಒಂದು ಉಪಾಯ ಹೇಳಿಕೊಡಿ. ಐದನೇ ಫ್ರೆಟ್ಟಿಗೆ ಕ್ಯಾಪೊ ಕಚ್ಚಿಸಿ ಜಿ, ಡಿ, ಇ ಮೈನರ್, ಸಿ ಹಿಡಿದರೆ ಅದೇ ಶ್ರುತಿಯಲ್ಲಿ ಅದೇ ಹಾಡು, ಎಫ್ ಹಿಡಿಯುವ ಕಾಟವೇ ಇಲ್ಲ. ನಮ್ಮವರಿಗೂ ಹೇಳಿದೆ. ಅದು ಅಡ್ಡದಾರಿಯಂತೆ, ಬೇಡವಂತೆ.